ಒಂಬತ್ತನೆಯ ಕ್ಯಾಮೆರಾ ಸಿಗುತ್ತಿಲ್ಲ

ಲಾಂಡ್ರಿ ಕಾರ್ಖಾನೆಯ ದೊಡ್ಡ ಇಸ್ತ್ರಿ ಮಷೀನಿನ ಮುಂದಿದ್ದ ಕಾವಲು ಕಂಬಿಯನ್ನು ಮ್ಯಾನೇಜರ್ ಮೇಲಕ್ಕೆತ್ತಿ ಕಟ್ಟಿಸಿದ. ಹನ್ನೊಂದನೆಯ ದಿನ, ಅಲ್ಲಿ ಕೆಲಸಕ್ಕಿದ್ದ ಅಕ್ಕ-ತಂಗಿಯರಲ್ಲಿ ಅಕ್ಕನ ಬಲಗೈ ಬೆಡ್‌ಶೀಟಿನ ಜೊತೆ ರೋಲರಿನೊಳಗೆ ಹೋಯಿತು. ಮಣಿಕಟ್ಟಿನಿಂದ ಮುಂದಕ್ಕೆ ಡಾಕ್ಟರು ತೆಗೆದುಹಾಕಿದರು. ಕಂಬಿಯನ್ನು ತಾನೇ ಕಟ್ಟಿಕೊಂಡಿದ್ದಳು ಎಂದು ಬರೆದು ಕಂಪನಿ ಆಕೆಯನ್ನು ಕೆಲಸದಿಂದ ತೆಗೆಯಿತು.

ಆ ಮಷೀನಿನ ನೆತ್ತಿಯ ಮೇಲೆಯೇ ಒಂದು ಕ್ಯಾಮೆರಾ ಇತ್ತು. ಒಂಬತ್ತನೆಯದು. ವಿಚಾರಣೆಗೆ ಹೋದ ವರದಿಯಲ್ಲಿ ಅದರ ಬಗ್ಗೆ ಇದ್ದದ್ದು ಒಂದೇ ಸಾಲು: 'ಕ್ಯಾಮೆರಾ ಸಿಗುತ್ತಿಲ್ಲ. ಕೆಟ್ಟಿದೆ.' ಕೆಳಗೆ ಕ್ಯಾಮೆರಾದವನ ಸಹಿ.

ಎರಡು ತಿಂಗಳಾದ ಮೇಲೆ, ಒಂದು ಬೆಳಿಗ್ಗೆ, ಆ ಸಹಿ ಹಾಕಿದವನು ಏಣಿ ಹೊತ್ತುಕೊಂಡು ಮತ್ತೆ ಬಂದ.

ಶೀಟು ಮಡಿಸುತ್ತಿದ್ದ ಹೆಂಗಸರ ಕೈಗಳು ನಿಂತವು. ಎಲ್ಲರ ಕಣ್ಣೂ ಒಬ್ಬಳ ಕಡೆಗೆ ತಿರುಗಿತು. ಅವಳು ಎಲ್ಲರಿಗಿಂತ ಒಂದು ಗೇಣು ಎತ್ತರ. ಅದಕ್ಕೇ ಕಾರ್ಖಾನೆಯಲ್ಲಿ ಅವಳಿಗೆ 'ಕೊಕ್ಕರೆ' ಎಂಬ ಹೆಸರು ಅಂಟಿಕೊಂಡಿತ್ತು. ಕೈ ಕಳೆದುಕೊಂಡವಳು ಅವಳ ಸ್ವಂತ ಅಕ್ಕ.

ಕೊಕ್ಕರೆ ಕೈಯಲ್ಲಿದ್ದ ಶೀಟನ್ನು ಟ್ರಾಲಿಗೆ ಎಸೆದು ಸೀದಾ ಏಣಿಯ ಬುಡಕ್ಕೆ ಬಂದಳು.

"ಏನ್ ಸಾಹೇಬ್ರೇ... ಸತ್ತ ಕಣ್ಣಿಗೆ ಔಷಧಿ ಬಿಡೋಕೆ ಬಂದ್ರಾ?"

ಸ್ಕ್ರೂಡ್ರೈವರ್ ಅವನ ಬೆರಳಿನಿಂದ ಜಾರಿ ನೆಲಕ್ಕೆ ಬಿತ್ತು.

ಅವಳು ಎತ್ತಿಕೊಟ್ಟಳು. ಕೊಡುವಾಗ ಅವನ ಬೆರಳಿಗೆ ಬೆರಳು ತಾಕದ ಹಾಗೆ ತುದಿಯಲ್ಲಿ ಹಿಡಿದಿದ್ದಳು.

"ಚೆನ್ನಾಗಿದ್ದೀಯಾ?" ಅವನು ಮೆಲ್ಲಗೆ ಕೇಳಿದ.

"ಚೆನ್ನಾಗಿದ್ದೀವಿ. ಮನೇಲಿ ನಾಲ್ಕು ಕೈ ಇತ್ತು, ಈಗ ಮೂರು. ಕೆಲಸ ಹಂಚಿಕೊಳ್ಳೋದು ಸುಲಭ ಆಗಿದೆ."

ಅಷ್ಟು ಹೇಳಿ ತಿರುಗಿ ನಡೆದಳು. ಯಾರೂ ನೋಡದ ಹಾಗೆ ಸೆರಗಿನಲ್ಲಿ ಮುಖ ಒರೆಸಿಕೊಂಡಳು. ಬೆವರು ಅಂದುಕೊಳ್ಳಲಿ... ಅಲ್ಲಿ ಯಾರ ಮುಖ ತಾನೇ ಒಣಗಿರುತ್ತದೆ!

ಒಂದು ಕಾಲದಲ್ಲಿ ಇದೇ ಜಾಗದಲ್ಲಿ ಅವಳು ನಕ್ಕಿದ್ದಳು.

ಹೋದ ವರ್ಷ ಈ ಕ್ಯಾಮೆರಾ ಕೂರಿಸಲು ಬಂದವನೂ ಅವನೇ. ಆಗ ಏಣಿಯ ಮೇಲಿಂದ ಬಗ್ಗಿ, "ರೀ, ಸ್ವಲ್ಪ ಇಲ್ಲಿ ಬಂದು ನಿಲ್ತೀರಾ? ಫೋಕಸ್ ನೋಡ್ಬೇಕು" ಎಂದಿದ್ದ. ಅವಳು ನಿಂತಿದ್ದಳು. ಐದು ನಿಮಿಷ ಕಳೆದರೂ ಫೋಕಸ್ ಮುಗಿಯಲಿಲ್ಲ.

"ಇನ್ನೂ ಮುಖ ಸರಿಯಾಗಿ ಬಂದಿಲ್ವೇನ್ರೀ?"

"ಮುಖ ಆಗ್ಲೇ ಬಂತು..."

"ಮತ್ತೆ ಇನ್ನೇನು ನೋಡ್ತಿದ್ದೀರಾ?"

"ಅದನ್ನೇ!"

ಮಡಿಸುವ ಹೆಂಗಸರೆಲ್ಲ ಗೊಳ್ಳೆಂದು ನಕ್ಕಿದ್ದರು. ಅಕ್ಕನಂತೂ, "ಲೋ ಏಣಿರಾಯ, ಕ್ಯಾಮೆರಾ ಕೂರಿಸೋಕೆ ಬಂದ್ಯಾ, ಹೆಣ್ಣು ನೋಡೋಕೆ ಬಂದ್ಯಾ? ಎರಡನೇದಾದ್ರೆ ನನ್ನನ್ನ ಕೇಳು" ಎಂದಿದ್ದಳು. ಅವನು ನಿಜವಾಗಿಯೂ ಕೇಳಿದ. ಗೇಟಿನಾಚೆಯ ಟೀ ಅಂಗಡಿಯ ಬೆಂಚಿನ ಮೇಲೆ ಎಷ್ಟೋ ಸಂಜೆಗಳು ಕಳೆದವು. 'ನೀವು' ಹೋಗಿ 'ನೀನು' ಬಂತು.

ಆಮೇಲೆ ಆ ಸಹಿ ಬಂತು. 'ನೀನು' ಹೋಯಿತು.

ಕಂಬಿಯ ವಿಷಯ ಇಷ್ಟೇ. ರೋಲರಿನ ಬಾಯಿಗೆ ಅಡ್ಡ ಇರುವ ಆ ಕಂಬಿಗೆ ಬೆರಳು ತಗುಲಿದರೆ ಸಾಕು, ಮಷೀನು ತಕ್ಷಣ ನಿಲ್ಲುತ್ತದೆ. ಆದರೆ ತೆಳು ಶೀಟಿನ ಅಂಚು ಸಿಕ್ಕಿಕೊಂಡರೂ ನಿಲ್ಲುತ್ತದೆ. ದಿನಕ್ಕೆ ಮೂವತ್ತು ಸಲ ನಿಲ್ಲುತ್ತದೆ. ಹೋಟೆಲುಗಳಿಗೆ ಹೊತ್ತಿಗೆ ಸರಿಯಾಗಿ ಶೀಟು ಹೋಗಬೇಕು; ಮ್ಯಾನೇಜರಿಗೆ ಆ ಮೂವತ್ತು ಸಲ ಕಾಣುತ್ತಿತ್ತು, ಬೆರಳು ಕಾಣುತ್ತಿರಲಿಲ್ಲ. ರಾತ್ರಿ ಮಷೀನು ಒರೆಸುವವರು ಕಂಬಿ ಬಿಚ್ಚಿ ಹೋಗುತ್ತಿದ್ದರು. ಬೆಳಿಗ್ಗೆ ಮತ್ತೆ ಕಟ್ಟಬೇಕು. ಸ್ಟೂಲಿಲ್ಲದೆ ಅಲ್ಲಿಗೆ ಕೈ ಎಟುಕುವುದು ಒಬ್ಬಳಿಗೆ ಮಾತ್ರ.

"ಏಯ್ ಕೊಕ್ಕರೆ, ಕಟ್ಟು!"

ಹನ್ನೊಂದು ಬೆಳಿಗ್ಗೆ ಮ್ಯಾನೇಜರ್ ಬೆರಳು ತೋರಿಸಿದ. ಹನ್ನೊಂದು ಬೆಳಿಗ್ಗೆ ಅವಳು ಕಟ್ಟಿದಳು. ಹನ್ನೊಂದನೆಯ ಮಧ್ಯಾಹ್ನ...

ವಿಚಾರಣೆಯಲ್ಲಿ ಅವಳು ಇದನ್ನೆಲ್ಲ ಕೂಗಿ ಹೇಳಿದ್ದಳು. "ಕಟ್ಟಿದ್ದು ನಾನು! ಕಟ್ಟಿಸಿದ್ದು ಇವನು!" ಕಂಪನಿಯ ವಕೀಲ ನಿಧಾನವಾಗಿ ಒಂದು ಕಾಗದ ಮುಂದೆ ತಳ್ಳಿದ. ಆಸ್ಪತ್ರೆಯ ಹಾಸಿಗೆಯಲ್ಲಿ ಮಲಗಿದ್ದ ಅಕ್ಕ ಎಡಗೈ ಹೆಬ್ಬೆರಳು ಒತ್ತಿ ಕೊಟ್ಟ ಹೇಳಿಕೆ. 'ಕಂಬಿ ಕಟ್ಟಿಕೊಂಡದ್ದು ನಾನೇ.'

"ನಿಮ್ಮ ಅಕ್ಕನ ಮೇಲಿನ ಪ್ರೀತಿಗೆ ನೀವು ಸುಳ್ಳು ಹೇಳ್ತಿದ್ದೀರಮ್ಮಾ" ಎಂದು ವಿಚಾರಣೆ ನಡೆಸಿದವರು ಕಡತ ಮುಚ್ಚಿದರು.

ಅವಳು ಸುಮ್ಮನಾಗಲಿಲ್ಲ. ಕಾರ್ಮಿಕ ಕಚೇರಿಗೆ ಅಲೆದಳು, ಅರ್ಜಿ ಬರೆದಳು, ಮತ್ತೆ ಬರೆದಳು. ಅದರ ಫಲವಾಗಿ ಇವತ್ತು ಮಧ್ಯಾಹ್ನ ಮೂರು ಗಂಟೆಗೆ ಕಾರ್ಮಿಕ ಅಧಿಕಾರಿ ಖುದ್ದಾಗಿ ಜಾಗ ನೋಡಲು ಬರುವವರಿದ್ದರು. ಅದಕ್ಕೇ ಕ್ಯಾಮೆರಾದವನಿಗೆ ಕರೆ ಹೋಗಿತ್ತು.

ಮ್ಯಾನೇಜರ್ ಬಂದು ಏಣಿಯ ಕೆಳಗೆ ಸೊಂಟಕ್ಕೆ ಕೈಯಿಟ್ಟು ನಿಂತ.

"ಬಂತೇನಯ್ಯಾ?"

"ಇಲ್ಲ ಸರ್. ಕಂಪ್ಯೂಟರ್ ಹುಡುಕ್ತಾ ಇದೆ. ಸಿಗ್ತಿಲ್ಲ."

"ಕರೆಂಟು?"

"ಇದೆ ಸರ್."

"ವೈರು?"

"ಸರಿಯಾಗಿದೆ."

"ಕರೆಂಟಿದೆ, ವೈರಿದೆ, ಆದ್ರೂ ಸಿಗಲ್ಲ ಅಂದ್ರೆ? ನನ್ನ ಭಾವಮೈದುನನ ಥರ ಆಯ್ತು ಇದು! ನೋಡು, ಅದೆಲ್ಲ ಪುರಾಣ ಬೇಡ. ರೀಸೆಟ್ ಬಟನ್ ಒತ್ತು, ಒಳಗಿನ ಕಾರ್ಡ್ ಅಳಿಸು, ಹೊಸದಾಗಿ ಸೇರಿಸು. ಮೂರು ಗಂಟೆಗೆ ಒಂಬತ್ತೂ ಕ್ಯಾಮೆರಾ ಸ್ಕ್ರೀನ್ ಮೇಲೆ ಲಕ್ಷಣವಾಗಿ ಕಾಣ್ಬೇಕು."

"ಊಟ ಆದ್ಮೇಲೆ ಮಾಡ್ತೀನಿ ಸರ್."

ಊಟದ ಗಂಟೆ ಬಡಿಯಿತು. ಮಷೀನುಗಳು ನಿಂತವು. ಕರೆಂಟು ಉಳಿಸಲು ದೀಪಗಳನ್ನೂ ಆರಿಸಿದರು. ಕಿಟಕಿಯಿಲ್ಲದ ಆ ಮೂಲೆಯಲ್ಲಿ ಕತ್ತಲು ತುಂಬಿತು.

ಕೊಕ್ಕರೆ ಅಲ್ಲೇ ನಿಂತಿದ್ದಳು.

"ಇಳಿದು ಬನ್ನಿ. ನಿಮಗೊಂದು ತೋರಿಸ್ಬೇಕು."

ಅವನು ಇಳಿದು ಬಂದ. ಅವಳು ಮೇಲೆ ಬೆರಳು ತೋರಿಸಿದಳು. ಕ್ಯಾಮೆರಾದ ಗಾಜಿನ ಸುತ್ತ ಸಾಸಿವೆ ಕಾಳಿನಷ್ಟು ದೀಪಗಳು ಮಂಕಾಗಿ, ಕೆಂಪಗೆ ಹೊಳೆಯುತ್ತಿದ್ದವು.

"ಎರಡು ತಿಂಗಳಿಂದ ದಿನಾ ಊಟದ ಹೊತ್ತಲ್ಲಿ ನೋಡ್ತಿದ್ದೀನಿ. ಕತ್ತಲಾದ ತಕ್ಷಣ ಕಣ್ಣು ಬಿಡುತ್ತೆ. ಕೆಟ್ಟಿರೋ ಕ್ಯಾಮೆರಾ ಹೀಗೆ ಮಾಡುತ್ತಾ? ನಾನು ಏಳನೇ ಕ್ಲಾಸು. ನೀವು ಓದಿದವರು. ಹೇಳಿ!"

ಅವನು ಗೋಡೆಗೆ ಒರಗಿದ.

"ಕೆಟ್ಟಿಲ್ಲ."

"ಹಾಗಾದ್ರೆ ಯಾಕೆ ಸಿಗ್ತಿಲ್ಲ?"

"ನಾನೇ ಬಚ್ಚಿಟ್ಟಿದ್ದೀನಿ."

ಅವಳು ಒಂದು ಹೆಜ್ಜೆ ಹಿಂದೆ ಸರಿದಳು.

"ಪ್ರತಿ ಕ್ಯಾಮೆರಾಗೂ ಮನೆ ನಂಬರ್ ಥರ ಒಂದು ನಂಬರ್ ಇರುತ್ತೆ" ಅವನು ನೆಲ ನೋಡುತ್ತ ಹೇಳತೊಡಗಿದ. "ಕಂಪ್ಯೂಟರ್ ತನ್ನ ಬೀದೀಲಿರೋ ನಂಬರ್ ಮಾತ್ರ ಹುಡುಕುತ್ತೆ. ನಾನು ಒಂಬತ್ತನೇದಕ್ಕೆ ಬೇರೆ ಬೀದಿ ನಂಬರ್ ಹಾಕಿಬಿಟ್ಟೆ. ಅದು ಇಲ್ಲೇ ಇದೆ, ಎಲ್ಲಾ ನೋಡುತ್ತೆ... ಇವರಿಗೆ ಮಾತ್ರ ಸಿಗಲ್ಲ. ರೆಕಾರ್ಡರ್‌ನಲ್ಲಿ ಎಂಟಕ್ಕೇ ಜಾಗ ಇದ್ದದ್ದು. ಇದು ತನ್ನ ಒಳಗಿನ ಕಾರ್ಡಲ್ಲೇ ಇಟ್ಕೊಳ್ಳುತ್ತೆ. ಕಾರ್ಡ್ ತುಂಬಿದ್ರೂ ಹಳೇದನ್ನ ಅಳಿಸದ ಹಾಗೆ ಮಾಡಿದ್ದೀನಿ. ಆ ದಿನ... ಪೂರ್ತಿ ಇದೆ."

"ಎಷ್ಟು ಕೊಟ್ಟರು ನಿಂಗೆ?" ಅವಳ ದನಿ ಒಡೆಯಿತು. "ನನ್ನ ಅಕ್ಕನ ಕೈಗೆ ಎಷ್ಟು ರೇಟು ಕಟ್ಟಿದ್ರಿ?"

"ಯಾರೂ ಏನೂ ಕೊಟ್ಟಿಲ್ಲ! ಮ್ಯಾನೇಜರಿಗೂ ಗೊತ್ತಿಲ್ಲ. ಆ ಸಂಜೆ ಒಬ್ಬನೇ ಕೂತು ನೋಡಿದೆ. ಅದ್ರಲ್ಲಿ ಕಂಬಿ ಕಟ್ತಾ ಇರೋಳು ನೀನು. ಆ ಕ್ಯಾಮೆರಾಗೆ ಕಣ್ಣಿದೆ, ಕಿವಿ ಇಲ್ಲ. ಅವನು 'ಕಟ್ಟು' ಅಂದಿದ್ದು ಅದಕ್ಕೆ ಕೇಳಿಸಿಲ್ಲ. 'ನಾನು ಹೇಳೇ ಇಲ್ಲ, ಇವಳೇ ಕಟ್ಟಿ ಅಕ್ಕನ ಕೈ ತಿಂದಳು' ಅಂತಾನೆ ಅವನು. ಪೊಲೀಸ್ ಕೇಸು ನಿನ್ನ ಮೇಲೆ ಬೀಳುತ್ತೆ. ಅಳಿಸೋಕೆ ಕೈ ಬರಲಿಲ್ಲ. ತೋರಿಸೋಕೆ ಧೈರ್ಯ ಬರಲಿಲ್ಲ. ಆಸ್ಪತ್ರೆಯಿಂದ ಅಕ್ಕನೂ ಫೋನ್ ಮಾಡಿದ್ರು. 'ನಂದಂತೂ ಹೋಯ್ತು, ಅವಳನ್ನಾದ್ರೂ ಉಳಿಸು ಏಣಿರಾಯ' ಅಂದ್ರು."

ಅಕ್ಕನೂ...! ಹಾಗಾದರೆ ಆ ಹೆಬ್ಬೆರಳು...

ಮುಂದಿನ ಮಾತು ಕೇಳಲು ಅವಳು ಅಲ್ಲಿರಲಿಲ್ಲ. ಗೇಟು ದಾಟಿ ಓಡುತ್ತಿದ್ದಳು. ಮನೆ ಹಿಂದಿನ ಬೀದಿಯಲ್ಲೇ ಇತ್ತು. ಎರಡು ಕೋಣೆ, ಒಂದು ಬಾಗಿಲು.

ಅಕ್ಕ ಕನ್ನಡಿ ಮುಂದೆ ಕೂತು ಎಡಗೈಯಲ್ಲಿ ತಲೆ ಬಾಚಿಕೊಳ್ಳಲು ಹೆಣಗುತ್ತಿದ್ದಳು. ತಂಗಿಯ ನೆರಳು ಕಂಡು ತಿರುಗಿದಳು.

"ಬಂದ್ಯಾ? ನೋಡೇ, ಎಡಗೈಯಲ್ಲಿ ಬೈತಲೆ ತೆಗೆದ್ರೆ ಕಿವಿ ಹತ್ರ ಹೋಗಿ ನಿಲ್ಲುತ್ತೆ. ಬಾಚು ಬಾ."

ಕೊಕ್ಕರೆ ಬಾಚಣಿಗೆ ತೆಗೆದುಕೊಂಡಳು.

"ಅಕ್ಕಾ... ಏಣಿರಾಯ ಎಲ್ಲಾ ಹೇಳ್ದ."

ಕನ್ನಡಿಯೊಳಗಿನ ನಗು ಆರಿತು.

"ಹೊಟ್ಟೇಲಿ ಮಾತು ನಿಲ್ಲಲ್ಲ ಆ ಬಡ್ಡಿಮಗನಿಗೆ" ಎಂದಳು ಅಕ್ಕ.

"ಯಾಕಕ್ಕಾ ಹಾಗೆ ಮಾಡ್ದೆ? ಕಟ್ಟಿದ್ದು ನಾನಲ್ವಾ?"

"ಹೂಂ, ನೀನೇ. ಪ್ರತಿದಿನ ನಾನೇ ನೋಡ್ತಿದ್ನಲ್ಲ. 'ಬೇಡ ಕಣೇ' ಅಂತ ಒಂದು ದಿನಾನಾದ್ರೂ ಅಂದ್ನಾ? ನೀನೂ ಆಗಲ್ಲ ಅನ್ಲಿಲ್ಲ. ಇಬ್ಬರಿಗೂ ಕೆಲಸ ಬೇಕಿತ್ತು." ಅಕ್ಕ ಮೊಂಡುಗೈಯನ್ನು ಸೆರಗಿನೊಳಗೆ ಸರಿಸಿಕೊಂಡಳು. "ಅಮ್ಮ ಹೋಗುವಾಗ ನಿನ್ನನ್ನ ನನ್ನ ಮಡಿಲಿಗೆ ಹಾಕಿ ಹೋದಳು. ನಿನ್ನನ್ನ ಜೈಲಿಗೆ ಕಳಿಸಿ ನಾನು ಈ ಒಂದು ಕೈಯಲ್ಲಿ ಏನು ಮಾಡ್ಲಿ? ಚಪ್ಪಾಳೆ ಹೊಡೀಲಾ?"

"ಅಕ್ಕಾ!"

"ನನ್ನಾಣೆ ಇದೆ. ಆ ಕ್ಯಾಮೆರಾ ಹಾಳಾಗ್ಲಿ. ಬಾಯಿ ಮುಚ್ಕೊಂಡು ಇರು. ಅವನನ್ನ ಮದುವೆ ಆಗು. ಬೇರೆ ಕಡೆ ಹೋಗಿಬಿಡಿ. ಹುಡುಗ ಒಳ್ಳೆಯವನು. ನಿನಗೋಸ್ಕರ ಸುಳ್ಳು ಬರೆದ. ಯಾರು ಬರೀತಾರೆ ಈ ಕಾಲದಲ್ಲಿ?"

ಕೊಕ್ಕರೆ ಜಡೆ ಹೆಣೆದು ಮುಗಿಸಿದಳು. ತುದಿಗೆ ರಿಬ್ಬನ್ ಕಟ್ಟಿದಳು. ಆಮೇಲೆ ಅಕ್ಕನ ಬೆನ್ನಿಗೆ ಮುಖವಿಟ್ಟು, ಎರಡು ತಿಂಗಳಿಂದ ಅಳದಿದ್ದದ್ದನ್ನೆಲ್ಲ ಅತ್ತಳು. ಆ ಬೆನ್ನು ಎಷ್ಟು ಸಣ್ಣದಾಗಿತ್ತು! ಅಮ್ಮ ಹೋದ ದಿನ ಇದೇ ಬೆನ್ನ ಮೇಲೆ ಮಲಗಿ ನಿದ್ದೆ ಹೋಗಿದ್ದಳು ಅವಳು...

"ಅಕ್ಕಾ, ಇವತ್ತು ಬೆಳಿಗ್ಗೆ ಆ ಮಷೀನಿಗೆ ಯಾರು ಶೀಟು ಹಾಕ್ತಿದ್ರು ಗೊತ್ತಾ? ಮೊನ್ನೆ ಸೇರಿದ ಆ ಬಾಣಂತಿ. ಮಗೂಗೆ ಇನ್ನೂ ಆರು ತಿಂಗಳು. ಕಂಬಿ ಮತ್ತೆ ಮೇಲೆ ಹೋಗಿದೆ. ನಾನು ಕಟ್ಟಲ್ಲ ಅಂದೆ. ಮ್ಯಾನೇಜರ್ ಸ್ಟೂಲ್ ತರಿಸಿ ಇನ್ನೊಬ್ಬಳ ಕೈಲಿ ಕಟ್ಟಿಸಿದ."

ಅಕ್ಕ ಕಣ್ಣು ಮುಚ್ಚಿಕೊಂಡಳು.

"ನೀವಿಬ್ಬರೂ ಸೇರಿ ನನ್ನನ್ನ ಉಳಿಸೋಕೆ ಹೋಗಿ ಅವನನ್ನ ಉಳಿಸಿದ್ರಿ, ಅಕ್ಕಾ."

ತಂಗಿ ಹೊಸ್ತಿಲು ದಾಟುವಾಗಲೂ ಅಕ್ಕ ಕನ್ನಡಿಯ ಮುಂದೆಯೇ ಕೂತಿದ್ದಳು. ಆಣೆ ವಾಪಸು ತೆಗೆದುಕೊಳ್ಳಲಿಲ್ಲ. ಮತ್ತೆ ಹಾಕಲೂ ಇಲ್ಲ.

ಮೂರಕ್ಕೆ ಹತ್ತು ನಿಮಿಷವಿತ್ತು. ಕ್ಯಾಮೆರಾದವನು ಏಣಿಯ ಮೇಲೆ ಕೂತು ಕ್ಯಾಮೆರಾದಿಂದ ಸೀದಾ ಲ್ಯಾಪ್‌ಟಾಪಿಗೆ ವೈರು ಹಾಕಿದ್ದ. ಕೊಕ್ಕರೆ ಏಣಿಯ ಎರಡು ಮೆಟ್ಟಿಲು ಹತ್ತಿ ಅವನ ಹತ್ತಿರ ಬಂದಳು.

"ಈಗ ಬರೋ ಅಧಿಕಾರಿ ಮೇಡಂಗೆ ತೋರ್ಸಿ."

"ಬೇಡ..."

"ನಾನು ಕೇಳ್ತಿಲ್ಲ. ಹೇಳ್ತಿದ್ದೀನಿ."

"ಒಂದು ದಾರಿ ಇದೆ" ಅವನು ಪಿಸುಗುಟ್ಟಿದ. "ಬೆಳಗಿನ ಭಾಗ ಬಿಟ್ಟು ಮಧ್ಯಾಹ್ನದ್ದು ಮಾತ್ರ ತೋರಿಸ್ತೀನಿ. ಕಂಬಿ ಮೇಲೆ ಇದ್ದದ್ದು ಕಾಣುತ್ತೆ, ಕಟ್ಟಿದ ಕೈ ಕಾಣಲ್ಲ."

"ಹಾಗಾದ್ರೆ ಕಟ್ಟಿಸಿದ ಬೆರಳೂ ಕಾಣಲ್ಲ. ಅವನು ಪಕ್ಕದಲ್ಲಿ ನಿಂತು ಬೆರಳು ತೋರಿಸಿದ್ನಲ್ಲ, ಅದು ಇದೆ ತಾನೇ?"

"ಇದೆ. ಆದ್ರೆ ಅವನು ಬೇರೇನೋ ತೋರಿಸ್ತಿದ್ದೆ ಅಂತಾನೆ."

"ಅನ್ಲಿ. ನಾನಿದ್ದೀನಲ್ಲ, ಎದುರು ಹೇಳೋಕೆ."

ಅವನು ಅವಳನ್ನು ನೋಡಿದ. ಕ್ಯಾಮೆರಾ ಕೂರಿಸಿದ ದಿನ ನೋಡಿದ್ದ ಮುಖ ಇದಲ್ಲ. ಕಣ್ಣ ಕೆಳಗೆ ಕಪ್ಪು, ಕೆನ್ನೆ ಒಳಗೆ ಹೋಗಿತ್ತು. ಇವಳಿಲ್ಲದೆ ಹೇಗೆ ಎರಡು ತಿಂಗಳು ಇದ್ದೆ ಅನ್ನಿಸಿತು. ಇವಳನ್ನು ಕಳೆದುಕೊಳ್ಳಬಾರದೆಂದು ಸುಳ್ಳು ಬರೆದಿದ್ದ. ಬರೆದ ದಿನವೇ ಕಳೆದುಕೊಂಡಿದ್ದ!

"ನಿಮಗೂ ತೊಂದರೆ ಆಗುತ್ತೆ" ಅವಳೆಂದಳು. "ಸುಳ್ಳು ವರದಿ ಬರೆದಿದ್ದಕ್ಕೆ."

"ಆಗ್ಲಿ. ನೀನು ಮಾತಾಡದೇ ಇದ್ದಿದ್ದಕ್ಕಿಂತ ದೊಡ್ಡ ತೊಂದರೆ ಏನಲ್ಲ."

ಕೆಳಗೆ ಬೂಟುಗಳ ಸದ್ದಾಯಿತು. ಮ್ಯಾನೇಜರ್ ಮುಂದೆ, ಹಿಂದೆ ಕೈಯಲ್ಲಿ ಫೈಲು ಹಿಡಿದ ಕಾರ್ಮಿಕ ಅಧಿಕಾರಿ. ನಡುವಯಸ್ಸಿನ ಹೆಂಗಸು, ಕನ್ನಡಕ, ಮುಖದಲ್ಲಿ ಅವಸರ.

"ಬನ್ನಿ ಮೇಡಂ, ಇದೇ ಆ ಮಷೀನು. ಏಯ್ ಕೊಕ್ಕರೆ, ಇಳಿ, ಹೋಗಿ ಶೀಟು ಮಡಿಸು! ಏನಯ್ಯಾ, ಕಾರ್ಡ್ ಅಳಿಸಿ ಆಯ್ತಾ?"

"ಇಲ್ಲ ಸರ್."

"ಅಳಿಸು ಅಂದಿದ್ನಲ್ಲ! ಕೊಡು ಇಲ್ಲಿ. ಅದು ಕಂಪನಿ ಆಸ್ತಿ."

ಕ್ಯಾಮೆರಾದವನು ಏಣಿಯಿಂದ ಇಳಿದು ಲ್ಯಾಪ್‌ಟಾಪನ್ನು ಮಡಿಸುವ ಮೇಜಿನ ಮೇಲಿಟ್ಟ.

"ಮೇಡಂ, 'ಕ್ಯಾಮೆರಾ ಕೆಟ್ಟಿದೆ' ಅಂತ ನಿಮ್ಮ ಫೈಲಲ್ಲಿ ಒಂದು ವರದಿ ಇದೆ. ಅದು ಸುಳ್ಳು. ಬರೆದವನು ನಾನೇ. ಯಾರೂ ಹೇಳಿ ಬರೆಸಿದ್ದಲ್ಲ. ಆ ದಿನದ್ದು ಬೆಳಿಗ್ಗೆಯಿಂದ ಇದೆ, ನೋಡಿ."

ಮ್ಯಾನೇಜರಿನ ಕೈ ಲ್ಯಾಪ್‌ಟಾಪಿನ ಕಡೆ ಚಾಚಿತು. ಅಧಿಕಾರಿಯ ಫೈಲು ಅಡ್ಡ ಬಂತು.

"ನೋಡೋಣ ಇರ್ರೀ."

ಪರದೆಯ ಮೇಲೆ ಬೆಳಿಗ್ಗೆ ಏಳು ಗಂಟೆ. ಸದ್ದಿಲ್ಲ. ಮಷೀನು, ಅದರ ಪಕ್ಕದಲ್ಲಿ ಮ್ಯಾನೇಜರ್. ಅವನ ಬಲಗೈ ಮೇಲೇಳುತ್ತದೆ, ಬೆರಳು ಕಂಬಿಯನ್ನು ತೋರಿಸುತ್ತದೆ. ಎತ್ತರದ ಹೆಣ್ಣೊಬ್ಬಳು ಬರುತ್ತಾಳೆ, ಹರಿದ ಶೀಟಿನ ಪಟ್ಟಿಯಿಂದ ಕಂಬಿಯನ್ನು ಮೇಲಕ್ಕೆ ಬಿಗಿಯುತ್ತಾಳೆ. ಅವನು ಒಮ್ಮೆ ಎಳೆದು ನೋಡಿ, ತಲೆಯಾಡಿಸಿ ಹೋಗುತ್ತಾನೆ.

"ಕಟ್ಟುತ್ತಿರೋದು ಯಾರು?" ಅಧಿಕಾರಿ ಕೇಳಿದರು. "ಮುಖ ಆ ಕಡೆ ಇದೆ."

ಕ್ಯಾಮೆರಾದವನು ತುಟಿ ಕಚ್ಚಿಕೊಂಡ. ಮಡಿಸುವ ಹೆಂಗಸರು ಒಬ್ಬೊಬ್ಬರಾಗಿ ಮೇಜಿನ ಸುತ್ತ ಬಂದು ನಿಂತಿದ್ದರು.

"ನಾನು ಮೇಡಂ" ಎಂದಳು ಕೊಕ್ಕರೆ.

"ಏನು ಹೇಳ್ತಿದ್ದೀರ ಅಂತ ಗೊತ್ತಾ? ಇದನ್ನ ಬರ್ಕೋಬೇಕಾಗುತ್ತೆ."

"ಬರ್ಕೊಳ್ಳಿ. ಕಟ್ಟಿದ್ದು ನಾನು, ಕಟ್ಟಿಸಿದ್ದು ಇವರು. ಎರಡೂ ಬರ್ಕೊಳ್ಳಿ."

"ಸುಳ್ಳು ಮೇಡಂ!" ಮ್ಯಾನೇಜರ್ ಕಿರುಚಿದ. "ನಾನು ಲೈಟ್ ತೋರಿಸ್ತಿದ್ದೆ! ನಾನೇನೂ..."

"ನನ್ನ ಕೈಲೂ ಇವತ್ತು ಕಟ್ಟಿಸಿದ್ರು" ಗುಂಪಿನಿಂದ ಒಂದು ಸಣ್ಣ ದನಿ ಬಂತು. ಬೆಳಿಗ್ಗೆ ಸ್ಟೂಲ್ ಹತ್ತಿದವಳು.

ಅಧಿಕಾರಿ ಪೆನ್ನು ತೆಗೆದರು. ಬರೆಯುತ್ತಲೇ, "ಮಧ್ಯಾಹ್ನದ್ದೂ ನೋಡ್ಬೇಕು. ಅಪಘಾತ ಆಗಿದ್ದು" ಎಂದರು.

ಕ್ಯಾಮೆರಾದವನ ಬೆರಳು ಲ್ಯಾಪ್‌ಟಾಪಿನ ಕೀಲಿಯ ಮೇಲೆ ನಿಂತಿತು. ಅವನು ಅದನ್ನು ಒಮ್ಮೆ ನೋಡಿದ್ದ. ಆವತ್ತಿನಿಂದ ಅವನಿಗೆ ನಿದ್ದೆಯಿರಲಿಲ್ಲ. ಪರದೆಯನ್ನು ಅವಳಿಂದ ಆಚೆಗೆ ತಿರುಗಿಸಿದ.

"ನೀನು ಹೊರಗೆ ಹೋಗು" ಎಂದ ಮೆಲ್ಲಗೆ.

"ಯಾಕೆ?"

"ಆ ದಿನ ನೀನು ಗೋದಾಮಿನಲ್ಲಿದ್ದೆ. ನೋಡಿಲ್ಲ. ಅಕ್ಕ... ಅಕ್ಕ ನಿನ್ನನ್ನೇ ಕೂಗ್ತಾರೆ. ಸದ್ದಿಲ್ಲ, ಆದ್ರೂ ತುಟಿ ನೋಡಿದ್ರೆ ತಿಳಿಯುತ್ತೆ. ನಿನ್ನ ಕೈಲಿ ಆಗಲ್ಲ. ದಯವಿಟ್ಟು..."

ಅವಳು ಮುಂದೆ ಬಂದು ಪರದೆಯನ್ನು ತನ್ನ ಕಡೆಗೆ ತಿರುಗಿಸಿಕೊಂಡಳು. ಮೇಜಿನ ಅಂಚು ಹಿಡಿದು ನಿಂತಳು.

"ನಿನ್ನನ್ನ ಬಿಟ್ಟು ನಂಗೆ ಯಾರೂ ಇಲ್ಲ ಕಣೇ" ಅವನ ಕಣ್ಣು ತುಂಬಿತ್ತು. "ಇಷ್ಟೊಂದು ನೋವು ಯಾಕೆ ತಗೋತೀಯಾ?"

"ಅವಳು ಕೂಗಿದಾಗ ನಾನಿರ್ಲಿಲ್ಲ. ಈಗಾದ್ರೂ ಇರ್ತೀನಿ."

"ಸರಿ... ನಾನು ಕೈ ಹಿಡ್ಕೊಳ್ಳಲಾ?"

"ಹಿಡ್ಕೋ."

ಅವನು ಹಿಡಿದುಕೊಂಡ. ಇನ್ನೊಂದು ಕೈಯಿಂದ ಕೀಲಿ ಒತ್ತಿದ. ಪರದೆಯಲ್ಲಿ ಅಕ್ಕ ಎರಡೂ ಕೈಯಲ್ಲಿ ಬಿಳಿ ಶೀಟೊಂದನ್ನು ಕೊಡವಿ ಹರಡಿದಳು. ಯಾವುದೋ ಮಾತಿಗೆ ನಗುತ್ತಿದ್ದಳು.

"ಕಣ್ಣಾದ್ರೂ ಮುಚ್ಕೋ" ಅವನು ಅಂಗಲಾಚಿದ. "ಆಗೋವರೆಗೆ... ಒಂದೇ ನಿಮಿಷ."

"ಮುಚ್ಚಲ್ಲ" ಎಂದಳು ಅವಳು.